ಯುವಜನರ ಆದಾಯಕ್ಕೆ ಸಾಮುದಾಯಿಕ ಆಡು ಸಾಕಣೆ

(ಮುಂಬಯಿಯ ವಿಲೆ ಪಾರ್ಲೆಯಲ್ಲಿ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಗಳಿಗೆಗೊಮ್ಮೆ ವಿಮಾನದ ಸದ್ದು ಕೇಳಿಬರುವ ವಿಲೆ ಪಾರ್ಲೆಯಂಥ ಬಡಾವಣೆಯಲ್ಲಿ ನಿಂತು ಆಡು ಸಾಕಣೆಯ ವಿಚಾರ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ಮಹಾನಗರಕ್ಕೂ ಆಡಿಗೂ ಇರುವ ನಂಟು ಹೊಸದಲ್ಲ. 1919ರ ಆರಂಭದಲ್ಲಿ ಗಾಂಧೀಜಿಯವರು ಅನಾರೋಗ್ಯಪೀಡಿತರಾಗಿ ಮುಂಬಯಿಯಲ್ಲಿದ್ದಾಗ, ಹಾಲು ಸೇವಿಸುವುದಿಲ್ಲವೆಂಬ ಅವರ ವ್ರತವು ಹಸು ಎಮ್ಮೆಗಳ ಹಾಲಿಗೆ ಸಂಬಂಧಿಸಿದ್ದು, ಆಡಿನ ಹಾಲಿಗೆ ಅದು ಅಡ್ಡಿಯಾಗಲಾರದು ಎಂದು ಸೂಚಿಸಿದವರು ಕಸ್ತೂರಬಾ. ಅಂದಿನಿಂದ ಆಡಿನ ಹಾಲು ಗಾಂಧೀಜಿಯವರ ಆಹಾರದ ಅಂಗವಾಯಿತು. 1930ರ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಸತ್ಯಾಗ್ರಹಿಗಳ ಶಿಬಿರ ನಡೆದದ್ದು ಈ ವಿಲೆ ಪಾರ್ಲೆಯಲ್ಲಿಯೇ. 1957ರಲ್ಲಿ ಸ್ಥಾಪನೆಗೊಂಡ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಪ್ರಧಾನ ಕಚೇರಿಯೂ ಇಲ್ಲಿಯ ಇರ್ಲಾ ರಸ್ತೆಯಲ್ಲಿದೆ. ಗ್ರಾಮದ ದುಡಿಮೆಯನ್ನು ಕುರಿತ ಚಿಂತನೆಗೆ ಈ ಊರು ಅಪರಿಚಿತವಲ್ಲವೆಂದು ಹೇಳುವುದಕ್ಕಷ್ಟೇ ಇವನ್ನು ಸ್ಮರಿಸಿದೆ.

ಇಲ್ಲಿ ನೆರೆದಿರುವ ನಿಮ್ಮಲ್ಲಿ ಅನೇಕರು ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ, ಹೋಟೆಲಿನ ಕೆಲಸಕ್ಕೆ, ಕಾವಲಿನ ಕೆಲಸಕ್ಕೆ ಬಂದವರು, ಇಲ್ಲವೇ ಹಾಗೆ ಬಂದವರ ಮಕ್ಕಳು. ಸಭೆಗೆ ಮೊದಲು ಯುವಕರೊಬ್ಬರು ನನ್ನನ್ನು ಕೇಳಿದರು: “ಸರ್, ನಾವು ಹತ್ತು ಮಂದಿ ಸೇರಿ ಒಂದಿಷ್ಟು ಹಣ ಕೂಡಿಹಾಕಿದ್ದೇವೆ. ಊರಲ್ಲಿ ಆಡು ಸಾಕಿದರೆ ಹೇಗೆ?” ಈ ದಿನದ ನನ್ನ ಮಾತೆಲ್ಲವೂ ಆ ಪ್ರಶ್ನೆಗೆ ಉತ್ತರ. ನಾಲ್ಕಾರು ವರ್ಷ ಬೆವರು ಸುರಿಸಿ ಉಳಿಸಿದ ಹಣ ಒಂದು ಮಳೆಗಾಲದಲ್ಲಿ ಹೋಗಿಬಿಡಬಹುದಾದ ವ್ಯವಹಾರ ಇದು. ಹಾಗೆಯೇ ಸರಿಯಾಗಿ ನಡೆಸಿದರೆ ಊರಿನ ಮನೆಯನ್ನು ವರ್ಷವರ್ಷವೂ ಎತ್ತಿ ಹಿಡಿಯಬಲ್ಲ ವ್ಯವಹಾರವೂ ಹೌದು. ಆದ್ದರಿಂದ ಉತ್ತೇಜನದ ಮಾತಿಗಿಂತ ಲೆಕ್ಕದ ಮಾತನ್ನೇ ಹೆಚ್ಚಾಗಿ ಆಡುತ್ತೇನೆ.

ಸರ್ಕಾರಿ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ವೃತ್ತಿ. ಆ ಕೆಲಸದಲ್ಲಿ ಈ ಪ್ರಾಣಿ ನನಗೆ ತೊಡಕು ಕೊಟ್ಟದ್ದುಂಟು. ಹಳೆಯ ಮೈಸೂರಿನ ಓದುಗರಿಗೆ ಅದು ಮೇಕೆ. ಧಾರವಾಡ, ಕಲಬುರಗಿಯ ಕಡೆಗೆ ಆಡು. ಕಡತಗಳಲ್ಲಿ ‘ಕುರಿ-ಮೇಕೆ’ ಎಂದು ಜೋಡಿಯಾಗಿಯೇ ಬರುವುದರಿಂದ ಎರಡರ ಸ್ವಭಾವವೂ ಒಂದೇ ಎಂಬ ಭಾವನೆ ಮೂಡುತ್ತದೆ. ಕುರಿ ತಲೆತಗ್ಗಿಸಿ ನೆಲದ ಹುಲ್ಲು ಮೇಯುತ್ತದೆ. ಆಡು ತಲೆಯೆತ್ತಿ, ಹಿಂಗಾಲ ಮೇಲೆ ನಿಂತು, ಪೊದೆಯ ಎಲೆಚಿಗುರುಗಳನ್ನು ಆಯ್ದು ತಿನ್ನುತ್ತದೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಮುಟ್ಟುವುದೇನೋ ನಿಜ, ಆದರೆ ಮುಟ್ಟಿದ್ದನ್ನೆಲ್ಲ ಅದು ತಿನ್ನುವುದಿಲ್ಲ. ತುಳಿದ ಮೇವನ್ನು, ಮೂತ್ರ ತಾಗಿದ ಮೇವನ್ನು, ಬಗ್ಗಡದ ನೀರನ್ನು ಆಡು ನಿರಾಕರಿಸುತ್ತದೆ. ಗಾದೆಯನ್ನೇ ನಂಬಿ ‘ಏನು ಹಾಕಿದರೂ ತಿನ್ನುತ್ತದೆ’ ಎಂದು ಹೊರಟವರ ಆಡುಗಳು ಸೊರಗುವುದು ಇದೇ ಕಾರಣದಿಂದ. ಮೇವನ್ನು ನೆಲದ ಮೇಲೆ ಹರಡದೆ ಗೋದಲಿಯಲ್ಲಿಟ್ಟರೆ ಅಥವಾ ಕಟ್ಟುಕಟ್ಟಿ ತೂಗುಹಾಕಿದರೆ ವ್ಯರ್ಥವಾಗುವ ಮೇವು ಬಹಳಷ್ಟು ಉಳಿಯುತ್ತದೆ.

2019ರ 20ನೆಯ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ 14.88 ಕೋಟಿಗೂ ಹೆಚ್ಚು ಆಡುಗಳಿದ್ದವು. 2012ರ ಗಣತಿಗೆ ಹೋಲಿಸಿದರೆ ಇದು ಸುಮಾರು ಶೇಕಡಾ 10ರಷ್ಟು ಏರಿಕೆ. ಮಹಾರಾಷ್ಟ್ರವೊಂದರಲ್ಲಿಯೇ ಒಂದು ಕೋಟಿಗೆ ಮೀರಿ ಆಡುಗಳಿದ್ದವು. ಕರ್ನಾಟಕದಲ್ಲಿ ಆಡಿಗಿಂತ ಕುರಿಯೇ ಹೆಚ್ಚು. ಭೂಮಿಯಿಲ್ಲದವರ, ತುಂಡು ಭೂಮಿಯವರ ಮನೆಯಂಗಳದಲ್ಲಿಯೇ ಈ ಸಂಪತ್ತಿನ ಬಹುಭಾಗ ಇದೆ. ಬಡವರ ಹಸುವೆಂದು ಆಡನ್ನು ಕರೆದದ್ದು ಸುಮ್ಮನೆ ಅಲ್ಲ.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಬಿಡುತ್ತೇನೆ. ಆಡುಗಳನ್ನು ಸಾಕಬೇಕಾದ್ದು ಊರಿನಲ್ಲಿ, ಇಲ್ಲಿಯ ಚಾಳುಗಳಲ್ಲಲ್ಲ. ನಗರದ ಕಿಕ್ಕಿರಿದ ವಸತಿಯಲ್ಲಿ ಜಾನುವಾರು ಸಾಕುವುದರಿಂದ ಆಗುವ ತೊಂದರೆಯನ್ನು ಮುಂಬಯಿ ಬಹಳ ಹಿಂದೆಯೇ ಅನುಭವಿಸಿತು. ಆ ಕಾರಣಕ್ಕೇ ನಗರದ ತಬೇಲಾಗಳಲ್ಲಿದ್ದ ಎಮ್ಮೆಗಳನ್ನು ಹೊರಗೊಯ್ಯಲು ಇಲ್ಲಿಂದ ಉತ್ತರಕ್ಕೆ ಗೋರೆಗಾಂವ್‌ನಲ್ಲಿ 1949ರಲ್ಲಿ ಆರೇ ಹಾಲಿನ ಕಾಲೊನಿ ಸ್ಥಾಪನೆಯಾಯಿತು. ಆರೇ ಎಂದೊಡನೆ ನಮಗೆ ಹಾಲು ನೆನಪಾಗುತ್ತದೆ, ಈಚೆಗೆ ಅಲ್ಲಿಯ ಕಾಡು ನೆನಪಾಗುತ್ತದೆ. ಅದರ ವ್ಯವಸ್ಥೆಯ ಸ್ವರೂಪವನ್ನು ಗಮನಿಸಿದವರು ಕಡಿಮೆ. ಅಲ್ಲಿ ಎಮ್ಮೆಗಳು ಸರ್ಕಾರದ್ದಾಗಿರಲಿಲ್ಲ. ಪ್ರತಿ ಎಮ್ಮೆಗೂ ಒಬ್ಬ ಖಾಸಗಿ ಒಡೆಯನಿದ್ದ. ಲಾಭವೂ ಅವನದೇ, ನಷ್ಟವೂ ಅವನದೇ. ಕೊಟ್ಟಿಗೆ, ನೀರು, ಮೇವಿನ ಸರಬರಾಜು, ಪಶುವೈದ್ಯರ ಸೇವೆ, ಹಾಲಿನ ಸಂಗ್ರಹಣೆ ಇವು ಮಾತ್ರ ಸಾಮಾನ್ಯ ವ್ಯವಸ್ಥೆಗೆ ಸೇರಿದ್ದವು. ಅದಕ್ಕಾಗಿ ಒಡೆಯರು ಶುಲ್ಕ ತೆರುತ್ತಿದ್ದರು.

ನಿಮ್ಮ ಯೋಜನೆಗೂ ಇದೇ ಮಾದರಿ ಹೊಂದುತ್ತದೆಂದು ನನ್ನ ಅಭಿಪ್ರಾಯ. ಆಡುಗಳು ಒಬ್ಬೊಬ್ಬರ ಸ್ವಂತದ್ದಾಗಿರಲಿ. ಹೋತ, ಲಸಿಕೆ, ತಕ್ಕಡಿ, ಮಾರಾಟ ಗುಂಪಿನದಾಗಿರಲಿ. ‘ಸಾಮುದಾಯಿಕ’ ಎಂಬ ಪದವನ್ನು ಕೇಳಿದೊಡನೆ ಐವತ್ತು ಆಡುಗಳನ್ನು ಒಂದೇ ಹೆಸರಿನಲ್ಲಿ ಕೊಂಡು ಒಂದೇ ದೊಡ್ಡಿಯಲ್ಲಿ ಕೂಡಿ, ಬಂದ ಆದಾಯವನ್ನು ಸಮನಾಗಿ ಹಂಚಿಕೊಳ್ಳುವ ಚಿತ್ರ ಮನಸ್ಸಿಗೆ ಬರುತ್ತದೆ. ಆ ಚಿತ್ರ ಸುಂದರವಾಗಿದೆ. ಆದರೆ ರಾತ್ರಿ ಎರಡು ಗಂಟೆಗೆ ಆಡೊಂದು ಮರಿ ಹಾಕಲಾರದೆ ನರಳುತ್ತಿರುವಾಗ ಎದ್ದು ಹೋಗುವವರು ಯಾರು? ಅದು ತನ್ನ ಆಡಾದರೆ ತಾನೇ ಏಳುತ್ತಾನೆ. ಗುಂಪಿನ ಆಡಾದರೆ ಇನ್ನೊಬ್ಬ ಏಳಲಿ ಎಂದು ಕಾಯುತ್ತಾನೆ. ಇದರಲ್ಲಿ ಯಾರ ಮೇಲೂ ದೋಷಾರೋಪಣೆ ಇಲ್ಲ, ಇದು ಮನುಷ್ಯಸ್ವಭಾವ.

ಹಿಂದಿನ ಯೋಜನೆಗಳ ಅನುಭವವೂ ವಿಚಾರಾರ್ಹ. 1978-79ರಲ್ಲಿ ಆರಂಭವಾಗಿ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೆ ವಿಸ್ತರಿಸಿದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದಲ್ಲಿ ಬಡ ಕುಟುಂಬಗಳಿಗೆ ಸಾಲ ಮತ್ತು ಸಹಾಯಧನದ ಮೂಲಕ ಹಸು, ಎಮ್ಮೆ, ಕುರಿ, ಆಡುಗಳನ್ನು ಒದಗಿಸಲಾಯಿತು. ಗ್ರಾಮೀಣ ಯುವಜನರಿಗೆ ಸ್ವಯಂ ಉದ್ಯೋಗದ ತರಬೇತಿ ನೀಡುವ ‘ಟ್ರೈಸೆಮ್’ ಯೋಜನೆ 1979ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಇವೆರಡೂ 1999ರ ಏಪ್ರಿಲ್ 1ರಿಂದ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ವಿಲೀನವಾದವು. ಅನೇಕ ಕುಟುಂಬಗಳು ಇವುಗಳಿಂದ ಚೇತರಿಸಿಕೊಂಡದ್ದು ನಿಜ. ಆದರೆ ಗುರಿ ಮುಟ್ಟುವ ಆತುರದಲ್ಲಿ ಒಂದೇ ಸಂತೆಯಲ್ಲಿ ಒಂದೇ ವಾರ ನೂರಾರು ಪ್ರಾಣಿಗಳನ್ನು ಕೊಳ್ಳಹೊರಟಾಗ ಬೆಲೆ ಏರಿತು, ಮುದಿ ಪ್ರಾಣಿಗಳೂ ರೋಗದ ಪ್ರಾಣಿಗಳೂ ಕೈಸೇರಿದವು. ಪ್ರಾಣಿ ಸತ್ತಿತು, ಸಾಲ ಉಳಿಯಿತು ಎಂಬ ಮಾತನ್ನು ನಿಮ್ಮ ಊರಿನ ಹಿರಿಯರಿಂದಲೇ ನೀವು ಕೇಳಿರಬಹುದು. ಪ್ರಾಣಿಯನ್ನು ಕೊಡುವುದು ಸುಲಭವಾಗಿತ್ತು. ಅದರ ಸುತ್ತ ಇರಬೇಕಾದ ಸೇವೆಗಳನ್ನು ಕಟ್ಟುವುದು ಕಷ್ಟವಾಯಿತು.

ಇನ್ನು ಲೆಕ್ಕಕ್ಕೆ ಬರೋಣ. ಹತ್ತು ಮಂದಿ, ತಲಾ ಐದು ಹೆಣ್ಣಾಡು, ಒಟ್ಟು ಐವತ್ತು. ಇಪ್ಪತ್ತರಿಂದ ಇಪ್ಪತ್ತೈದು ಆಡುಗಳಿಗೆ ಒಂದು ಹೋತ ಸಾಕಾಗುವುದರಿಂದ ಎರಡು ಅಥವಾ ಮೂರು ಹೋತ. ಆಡಿನ ಗಬ್ಬದ ಅವಧಿ ಐದು ತಿಂಗಳು, ಎಂದರೆ ಸುಮಾರು 150 ದಿನ. ಯೋಜನಾ ವರದಿಗಳಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೆ ಮೂರು ಸಲ ಮರಿ ಹಾಕುವುದೆಂದು ಹಿಡಿಯುತ್ತಾರೆ. ಆ ಪ್ರಕಾರ ಐವತ್ತು ಆಡುಗಳಿಂದ ವರ್ಷಕ್ಕೆ 75 ಹೆರಿಗೆ. ಅವಳಿಗಳನ್ನೂ ಪರಿಗಣಿಸಿ ಹೆರಿಗೆಗೆ ಒಂದೂವರೆ ಮರಿಯೆಂದರೆ 112 ಮರಿ. ಶೇಕಡಾ 15ರಷ್ಟು ಸತ್ತರೂ ಉಳಿಯುವುದು 95. ಮುಂದಿನ ಪೀಳಿಗೆಗೆ 15 ಹೆಣ್ಣುಮರಿಗಳನ್ನು ಉಳಿಸಿಕೊಂಡರೆ ಮಾರಾಟಕ್ಕೆ 80. ಒಬ್ಬರಿಗೆ ಎಂಟು. ಇದು ಕಾಗದದ ಲೆಕ್ಕ.

ಹಟ್ಟಿಯ ಲೆಕ್ಕ ಬೇರೆ. ಮೊದಲ ವರ್ಷಗಳಲ್ಲಿ ಬಹುತೇಕ ಆಡುಗಳು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕುತ್ತವೆ ಎಂದುಕೊಳ್ಳಿ. ಹೆರಿಗೆ 50, ಮರಿ 75. ಐದರಲ್ಲೊಂದು ಸತ್ತರೆ ಉಳಿಯುವುದು 60; ಹತ್ತನ್ನು ಉಳಿಸಿಕೊಂಡರೆ ಮಾರಾಟಕ್ಕೆ 50. ಒಬ್ಬರಿಗೆ ಐದು ಮರಿ, ತಲಾ 20 ಕಿಲೋದಂತೆ 100 ಕಿಲೋ ಜೀವಂತ ತೂಕ. ಕಿಲೋಗೆ 350 ರೂಪಾಯಿ ಎಂದು ಲೆಕ್ಕದ ಸಲುವಾಗಿ ಹಿಡಿದರೆ ಒಬ್ಬರಿಗೆ ವರ್ಷಕ್ಕೆ 35,000 ರೂಪಾಯಿ. (ಈ ದರವನ್ನು ಇಂದಿನ ಪೇಟೆಧಾರಣೆಯೆಂದು ಭಾವಿಸಬೇಡಿ, ನಿಮ್ಮ ಸಂತೆಯ ದರವನ್ನು ಹಾಕಿ ನೀವೇ ಗುಣಿಸಿ ನೋಡಿ.) ಇದರಲ್ಲಿ ಹಿಂಡಿ, ಔಷಧ, ವಿಮೆ, ಕೊಟ್ಟಿಗೆಯ ದುರಸ್ತಿ, ಕಾಯುವವರ ಕೂಲಿ ಇಷ್ಟನ್ನೂ ಕಳೆಯಬೇಕು. ಕಳೆಯುವ ಮೊದಲೇ ಅದು ತಿಂಗಳಿಗೆ 3,000 ರೂಪಾಯಿಗಿಂತ ಕಡಿಮೆ.

ನಿಮಗೆ ನಿರಾಶೆಯಾಗಿರಬಹುದು. ಆದರೆ ಈ ಅಂಕಿ ತಿಳಿಯದೆ ಮುಂಬಯಿಯ ಕೆಲಸ ಬಿಟ್ಟು ಊರಿಗೆ ಹೋದವನ ನಿರಾಶೆ ಇದಕ್ಕಿಂತ ದೊಡ್ಡದು. ಐದು ಆಡು ಒಂದು ಕುಟುಂಬಕ್ಕೆ ಆಪತ್ಕಾಲದ ಠೇವಣಿಯಾಗಬಲ್ಲದು, ಸಂಬಳವಾಗಲಾರದು. ಅದೇ ಮುಖ್ಯ ಜೀವನೋಪಾಯವಾಗಬೇಕಾದರೆ ತಲಾ ಇಪ್ಪತ್ತು ಮೂವತ್ತು ಹೆಣ್ಣಾಡುಗಳಾದರೂ ಬೇಕು. ಅಲ್ಲದೆ, ಇಂದು ಆಡು ಕೊಂಡರೆ ಮೊದಲ ಹಣ ಕೈಗೆ ಬರುವುದು ಗಬ್ಬದ ಐದು ತಿಂಗಳು, ಮರಿ ಬೆಳೆಯುವ ಎಂಟು ಒಂಬತ್ತು ತಿಂಗಳು ಕಳೆದ ಮೇಲೆ; ಎಂದರೆ ಕನಿಷ್ಠ ಹದಿಮೂರು ಹದಿನಾಲ್ಕು ತಿಂಗಳ ನಂತರ. ಆದ್ದರಿಂದ ಹತ್ತು ಮಂದಿಯೂ ಒಟ್ಟಿಗೆ ಊರಿಗೆ ಹೊರಡಬೇಡಿ. ಇಬ್ಬರು ಊರಿನಲ್ಲಿರಲಿ, ಎಂಟು ಮಂದಿ ಇಲ್ಲಿಯ ದುಡಿಮೆ ಮುಂದುವರಿಸಲಿ. ಊರಿನಲ್ಲಿರುವ ಇಬ್ಬರ ಶ್ರಮಕ್ಕೆ ಕೂಲಿಯನ್ನು ಗೊತ್ತುಮಾಡಿ ಖರ್ಚಿನ ಬಾಬಿನಲ್ಲಿ ಬರೆಯಲೇಬೇಕು. ಬರೆಯದೆ ಬಿಟ್ಟ ಕೂಲಿಯೇ ಗುಂಪುಗಳಲ್ಲಿ ಮೊದಲ ಜಗಳವಾಗುತ್ತದೆ.

ಕಾಗದದ ಎಂಬತ್ತು ಮರಿಗೂ ಹಟ್ಟಿಯ ಐವತ್ತು ಮರಿಗೂ ನಡುವಿನ ಮೂವತ್ತು ಮರಿಗಳು ಎಲ್ಲಿ ಹೋದವು? ಗುಂಪಿನ ಅಗತ್ಯವೇನೆಂಬುದಕ್ಕೆ ಉತ್ತರವಿರುವುದು ಇಲ್ಲಿಯೇ.

ಕೆಲವು ರೋಗಕ್ಕೆ ಹೋದವು. ಆಡುಗಳಿಗೆ ಬರುವ ರೋಗಗಳಲ್ಲಿ ಅತ್ಯಂತ ಭಯಂಕರವಾದುದು ಪಿ.ಪಿ.ಆರ್.; ನಮ್ಮ ಕಡೆ ಹಿರೇಬೇನೆಯೆನ್ನುತ್ತಾರೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ತೀವ್ರ ಜ್ವರ, ಕಣ್ಣು ಮೂಗುಗಳಿಂದ ಸೋರಿಕೆ, ಬಾಯಿಹುಣ್ಣು, ಭೇದಿ, ಕೆಮ್ಮು ಇದರ ಲಕ್ಷಣಗಳು. ಕೆಲವೇ ವಾರಗಳಲ್ಲಿ ಇಡೀ ಹಿಂಡನ್ನು ಬರಿದುಮಾಡಬಲ್ಲ ವೈರಾಣು ರೋಗ. ಬಂದ ಮೇಲೆ ನೇರವಾದ ಔಷಧವಿಲ್ಲ. ಆದರೆ ನಮ್ಮ ದೇಶದಲ್ಲಿಯೇ ರೂಪಿಸಿದ ಲಸಿಕೆಯಿದೆ. ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ ದೊರೆಯುತ್ತದೆ. ಇದಲ್ಲದೆ ಮಳೆಗಾಲಕ್ಕೆ ಮುನ್ನ ಕರುಳುಬೇನೆಯ ಲಸಿಕೆ, ಪಶುವೈದ್ಯರು ಹೇಳಿದ ಕಾಲಕ್ಕೆ ಜಂತುಹುಳುವಿನ ಔಷಧ. ಐದು ಆಡಿನ ಒಬ್ಬ ಒಡೆಯ ಲಸಿಕೆಗಾಗಿ ಪಶುವೈದ್ಯರನ್ನು ಹುಡುಕಿಕೊಂಡು ಹೋದರೆ ಅವರು ಬರುವುದು ದುಸ್ತರ. ಲಸಿಕೆಯ ಸೀಸೆ ಒಮ್ಮೆ ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದದ್ದು, ಐದಕ್ಕಾಗಿ ಒಡೆಯುವಂಥದ್ದಲ್ಲ. ಐವತ್ತು ಆಡು ಒಂದೆಡೆ ನಿಂತರೆ ಆ ತೊಡಕು ಇರುವುದಿಲ್ಲ. ಲಸಿಕೆಯ ಮಟ್ಟಿಗೆ ನೆರೆಹೊರೆಯವರ ಆಡುಗಳನ್ನೂ ಸೇರಿಸಿಕೊಳ್ಳಿ. ರೋಗವು ಗುಂಪಿನ ಸದಸ್ಯತ್ವದ ಪಟ್ಟಿ ನೋಡಿಕೊಂಡು ಬರುವುದಿಲ್ಲ.

ಕೆಲವು ಮರಿಗಳು ಹುಟ್ಟಿದ ವಾರದಲ್ಲಿಯೇ ಹೋದವು. ಗಬ್ಬದ ಕೊನೆಯ ಒಂದೂವರೆ ತಿಂಗಳಲ್ಲಿ ತಾಯಿಗೆ ದಿನಕ್ಕೆ ಕಾಲು ಕಿಲೋದಷ್ಟು ಹಿಂಡಿ ಮಿಶ್ರಣ ಹೆಚ್ಚಾಗಿ ಕೊಟ್ಟರೆ ಮರಿಯ ತೂಕವೂ ತಾಯಿಯ ಹಾಲೂ ಹೆಚ್ಚುತ್ತದೆ. ಮರಿ ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು; ಗಿಣ್ಣು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಕೆಲವೆಡೆ ಇನ್ನೂ ಇದೆ, ಅದನ್ನು ಬಿಡಬೇಕು. ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕು. ರಾತ್ರಿಯ ಥಂಡಿಗೆ ಒಣಹುಲ್ಲಿನ ಹಾಸು ಬೇಕು. ದೊಡ್ಡ ಆಡೊಂದಕ್ಕೆ ಹತ್ತರಿಂದ ಹನ್ನೆರಡು ಚದರ ಅಡಿ ಸ್ಥಳ, ಮಳೆ ಹೆಚ್ಚಿರುವ ಕಡೆ ನೆಲದಿಂದ ಮೇಲೆ ಹಲಗೆ ಅಥವಾ ಬಿದಿರಿನ ಅಟ್ಟಣಿಗೆ. ಕೊಟ್ಟಿಗೆಗೆ ಸಿಮೆಂಟು ಕಂಬ, ಬಣ್ಣದ ತಗಡು ಹಾಕಿಸಿ ಬಂಡವಾಳದ ಅರ್ಧ ಮುಗಿಸಿದವರಿದ್ದಾರೆ; ಆಡಿಗೆ ಬೇಕಾದುದು ಒಣ ನೆಲ ಮತ್ತು ಗಾಳಿ.

ಇನ್ನು ಹೋತದ ವಿಚಾರ. ಇದನ್ನು ನಾನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ, ಏಕೆಂದರೆ ಮುಂಬಯಿಯ ಪೇಟೆಗೂ ಊರಿನ ತಳಿಗೂ ಇರುವ ಸಂಬಂಧ ಇಲ್ಲಿ ಅಡಗಿದೆ. ಊರಿನಲ್ಲಿ ಹುಟ್ಟಿದ ಗಂಡುಮರಿಗಳಲ್ಲಿ ಬೇಗ ಬೆಳೆಯುವುದು, ಎತ್ತರವಾದುದು, ಮೈಕಟ್ಟುಳ್ಳದ್ದು ಯಾವುದೋ ಅದಕ್ಕೆ ಬಕ್ರೀದ್ ಕಾಲದಲ್ಲಿ ಅತಿ ಹೆಚ್ಚಿನ ಬೆಲೆ. ಸಹಜವಾಗಿಯೇ ಅದು ಮೊದಲು ಮಾರಾಟವಾಗಿ ದೇವನಾರಿಗೋ ಬೇರೆ ಪೇಟೆಗೋ ಹೋಗುತ್ತದೆ. ಯಾರೂ ಕೊಳ್ಳದ ಬಡಕಲು ಗಂಡು ಊರಲ್ಲಿ ಉಳಿದು ಮುಂದಿನ ವರ್ಷದ ಎಲ್ಲ ಮರಿಗಳಿಗೂ ತಂದೆಯಾಗುತ್ತದೆ. ಹೀಗೆ ಹತ್ತು ಇಪ್ಪತ್ತು ವರ್ಷ ನಡೆದರೆ ಊರಿನ ತಳಿ ಕುಗ್ಗದೆ ಏನಾದೀತು? ಜೊತೆಗೆ ಅದೇ ಹೋತ ತನ್ನ ಹೆಣ್ಣುಮರಿಗಳನ್ನೇ ಕೂಡುವುದರಿಂದ ದುರ್ಬಲ ಮರಿಗಳು ಹುಟ್ಟುತ್ತವೆ. ಐದು ಆಡಿನ ಒಡೆಯನಿಗೆ ಒಳ್ಳೆಯ ಹೋತವೊಂದನ್ನು ಮಾರದೆ ಇಟ್ಟುಕೊಳ್ಳುವ ಶಕ್ತಿಯಿಲ್ಲ. ಅದು ತಿನ್ನುವ ಮೇವಿನ ಲಾಭ ಊರಿಗೆಲ್ಲ, ಖರ್ಚು ಅವನೊಬ್ಬನಿಗೆ. ಆದುದರಿಂದ ಹೋತವನ್ನು ಗುಂಪಿನ ಹಣದಿಂದ ಕೊಂಡು, ಗುಂಪಿನ ಹಣದಿಂದ ಮೇಯಿಸಿ, ಎರಡು ವರ್ಷ ತುಂಬುವ ಮೊದಲು ಪಕ್ಕದ ಊರಿನ ಗುಂಪಿನೊಡನೆ ಬದಲಾಯಿಸಿಕೊಳ್ಳಬೇಕು. ಹೊರಗಿನವರ ಆಡು ಕೂಡಿಸಲು ಶುಲ್ಕ ಇಡಬಹುದು.

ತಳಿಯ ಆಯ್ಕೆಯಲ್ಲಿ ನನ್ನ ಸಲಹೆ ಒಂದೇ: ನಿಮ್ಮ ಸೀಮೆಯ ತಳಿಯನ್ನೇ ಕೊಳ್ಳಿ. ಈಗ ಧಾರಾಶಿವವೆಂದು ಹೆಸರಾಗಿರುವ ಉಸ್ಮಾನಾಬಾದ್, ಲಾತೂರು, ಸೊಲ್ಲಾಪುರದ ಸೀಮೆಯ ಕಪ್ಪುಬಣ್ಣದ ಉಸ್ಮಾನಾಬಾದಿ ಆಡು ಕರ್ನಾಟಕದ ಗಡಿಜಿಲ್ಲೆಗಳಿಗೂ ಒಗ್ಗಿದ್ದು, ಅವಳಿ ಮರಿಗಳಿಗೆ ಹೆಸರಾದುದು. ಬೀದರಿನ ಕಡೆಯವರಿಗೆ ಬಿದ್ರಿ, ದಕ್ಷಿಣದ ಒಣಜಿಲ್ಲೆಗಳವರಿಗೆ ನಂದಿದುರ್ಗ ತಳಿಗಳಿವೆ. ಸಿಂಧುದುರ್ಗದ ಕೊಂಕಣ ಕನ್ಯಾಳ ಹೆಚ್ಚು ಮಳೆ ತಾಳಬಲ್ಲದು. ಚಿತ್ರಗಳಲ್ಲಿ ಮನಸೆಳೆಯುವ ಜಮುನಾಪಾರಿ, ಸಿರೋಹಿ, ವಿದೇಶದ ಬೋಯರ್ ಇವುಗಳನ್ನು ಮೊದಲ ವರ್ಷವೇ ದುಬಾರಿ ಬೆಲೆಗೆ ತರುವುದು ಬೇಡ. ಮಳೆಗಾಲದ ಆರಂಭದಲ್ಲಿ ಕೊಳ್ಳಬೇಡಿ. ಒಂದೇ ಸಂತೆಯಲ್ಲಿ ಎಲ್ಲವನ್ನೂ ಕೊಳ್ಳಬೇಡಿ. ಸಂತೆಗಿಂತ ಸಾಕಿದವರ ಮನೆಬಾಗಿಲಲ್ಲಿ, ತಾಯಿಯನ್ನೂ ಅವಳ ಹಿಂದಿನ ಮರಿಗಳನ್ನೂ ನೋಡಿ ಕೊಳ್ಳುವುದು ಉತ್ತಮ. ಕೊಂಡುತಂದ ಆಡುಗಳನ್ನು ಮೂರು ನಾಲ್ಕು ವಾರ ಪ್ರತ್ಯೇಕವಾಗಿಡಿ.

ಮಾರಾಟದ ವಿಚಾರದಲ್ಲಿ ಮುಂಬಯಿಯಲ್ಲಿರುವ ನಿಮಗೆ ಊರಿನವರಿಗಿಲ್ಲದ ಅನುಕೂಲವಿದೆ. 1971ರಲ್ಲಿ ಆರಂಭವಾದ ದೇವನಾರ್ ಕಸಾಯಿಖಾನೆಯ ಆವರಣದಲ್ಲಿ ಬಕ್ರೀದ್‌ಗೆ ಮುನ್ನ ನೆರೆಯುವ ಪೇಟೆಗೆ ಮಹಾರಾಷ್ಟ್ರವಲ್ಲದೆ ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶಗಳಿಂದಲೂ ಆಡುಗಳು ಬರುತ್ತವೆ. ಒಮ್ಮೆ ಹೋಗಿ ನೋಡಿ; ಕೊಳ್ಳುವುದಕ್ಕಲ್ಲ, ತಿಳಿಯುವುದಕ್ಕೆ. ಯಾವ ಬಣ್ಣ, ಯಾವ ತೂಕ, ಎಷ್ಟು ಹಲ್ಲಿನ ಆಡಿಗೆ ಎಷ್ಟು ಬೆಲೆ ಬರುತ್ತದೆ, ಲಾರಿ ಬಾಡಿಗೆ ಎಷ್ಟು, ದಲ್ಲಾಳಿಯ ಪಾಲೆಷ್ಟು ಎಂಬುದನ್ನು ಬರೆದುಕೊಳ್ಳಿ. ಬಲಿಗೆ ಸಲ್ಲುವ ಆಡಿಗೆ ಒಂದು ವರ್ಷ ತುಂಬಿರಬೇಕು. ಕುರುಡು, ಕುಂಟು, ಮುರಿದ ಕೊಂಬು ಇರಬಾರದು. ಒಂದು ವರ್ಷದ ವಯಸ್ಸಿಗೆ ಗಬ್ಬದ ಐದು ತಿಂಗಳು ಸೇರಿಸಿದರೆ ಹದಿನೇಳು ತಿಂಗಳಾಯಿತು. ಬಕ್ರೀದ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವುದರಿಂದ 2025ರ ಜೂನ್ 7ರಂದು ಬಂದ ಹಬ್ಬ 2028ರಲ್ಲಿ ಮೇ ಮೊದಲ ವಾರದ ಹೊತ್ತಿಗೆ ಬರುತ್ತದೆ. ಆ ಹಬ್ಬಕ್ಕೆ ಮಾರಬೇಕಾದ ಗಂಡು 2026ರ ನವೆಂಬರ್ ಮುಗಿಯುವುದರೊಳಗೆ ತಾಯಿಯ ಹೊಟ್ಟೆಯಲ್ಲಿರಬೇಕು. ಹಬ್ಬದ ಬೆಲೆಯನ್ನು ನೆಚ್ಚಿಕೊಂಡವರು ಈ ಎಣಿಕೆಯನ್ನು ಹೋತ ಬಿಡುವ ದಿನವೇ ಮಾಡಬೇಕು. ಎಲ್ಲ ಮರಿಗಳನ್ನೂ ಹಬ್ಬಕ್ಕೇ ಕಾಯ್ದಿಡುವುದೂ ವಿವೇಕವಲ್ಲ. ಮೇವು ಸಾಲದ ಬೇಸಿಗೆಯಲ್ಲಿ ದೊಡ್ಡ ಗಂಡುಗಳನ್ನು ಕಾಪಾಡುವುದು ಕಷ್ಟ.

ಮನೆಬಾಗಿಲಿಗೆ ಬರುವ ವ್ಯಾಪಾರಿ ಆಡಿನ ಬೆನ್ನು ಸವರಿ, ಕಣ್ಣಂದಾಜಿನಲ್ಲಿ ಬೆಲೆ ಹೇಳುತ್ತಾನೆ. ಅವನ ಕೈ ಸಾವಿರಾರು ಆಡುಗಳನ್ನು ಸವರಿದ ಕೈ. ಅಂದಾಜು ಮಾಡುವುದರಲ್ಲಿ ನೀವು ಅವನಿಗೆ ಎಂದೂ ಸಮರಾಗುವುದಿಲ್ಲ. ಗುಂಪಿಗೊಂದು ತೂಗುತಕ್ಕಡಿ ಕೊಳ್ಳಿ, ಜೀವಂತ ತೂಕದ ಮೇಲೆ ಮಾರಿ. ತಕ್ಕಡಿ ಸಿಗದಿದ್ದಾಗ ದರ್ಜಿಯ ಟೇಪಿನಿಂದ ಕೆಲಸ ನಡೆಯುತ್ತದೆ. ಮುಂಗಾಲ ಹಿಂಬದಿಗೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು ಭುಜದ ತುದಿಯಿಂದ ಪೃಷ್ಠದ ಎಲುಬಿನವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕದ ಅಂದಾಜು ಕಿಲೋದಲ್ಲಿ ದೊರೆಯುತ್ತದೆ. ಸುತ್ತಳತೆ 26 ಅಂಗುಲ, ಉದ್ದ 24 ಅಂಗುಲವಾದರೆ ಸುಮಾರು ಇಪ್ಪತ್ತನಾಲ್ಕೂವರೆ ಕಿಲೋ. ಶಾಲೆಗೆ ಹೋಗುವ ತಂಗಿಯೊಬ್ಬಳು ಈ ಲೆಕ್ಕ ಮಾಡಿಕೊಟ್ಟರೆ ವ್ಯಾಪಾರಿಯ ಮಾತಿನ ಧಾಟಿ ಬದಲಾಗುತ್ತದೆ.

ತಂಗಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಊರಿನಲ್ಲಿ ಆಡಿನ ನಿಜವಾದ ಪಾಲಕರು ತಾಯಂದಿರು, ಅಕ್ಕತಂಗಿಯರು. ಸೊಪ್ಪು ತರುವುದು, ಹಟ್ಟಿ ಗುಡಿಸುವುದು, ಮರಿಗೆ ಹಾಲು ಕುಡಿಸುವುದು ಅವರೇ. ಕಷ್ಟಕಾಲಕ್ಕೆ ಒಂದು ಆಡು ಮಾರಿ ಮನೆ ನಡೆಸುವುದೂ ಅವರೇ. ‘ಯುವಜನರ ಯೋಜನೆ’ ಎಂಬ ಹೆಸರಿನಲ್ಲಿ ಆ ಆಡುಗಳೆಲ್ಲ ಮುಂಬಯಿಯಲ್ಲಿರುವ ಗಂಡುಮಕ್ಕಳ ಹೆಸರಿಗೆ ದಾಖಲಾಗಿ, ದುಡಿಮೆ ಮಾತ್ರ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಉಳಿಯುವುದಾದರೆ ಅದು ಅನ್ಯಾಯ. ವ್ಯವಹಾರದ ದೃಷ್ಟಿಯಿಂದಲೂ ಅದು ತಪ್ಪು ಲೆಕ್ಕ. ಹತ್ತು ಸದಸ್ಯರಲ್ಲಿ ಅರ್ಧದಷ್ಟಾದರೂ ಊರಿನಲ್ಲಿರುವ ಯುವತಿಯರಾಗಿರಲಿ, ಬ್ಯಾಂಕಿನ ಖಾತೆಯೂ ಅವರ ಸಹಿಯಿಂದ ನಡೆಯಲಿ.

ಮೇವಿನ ವಿಚಾರವನ್ನು ಆಡು ಕೊಳ್ಳುವ ಮೊದಲೇ ಗ್ರಾಮ ಪಂಚಾಯಿತಿಯೊಡನೆ ಚರ್ಚಿಸಿ. ಗೋಮಾಳ ಎಷ್ಟು ಉಳಿದಿದೆ, ಅಲ್ಲಿ ಈಗಾಗಲೇ ಯಾರ ಕುರಿಗಳು ಮೇಯುತ್ತಿವೆ, ಅರಣ್ಯದ ಗಡಿ ಎಲ್ಲಿ ಎಂಬುದು ತಿಳಿಯದೆ ಐವತ್ತು ಆಡು ಇಳಿಸಿದರೆ ಮೊದಲ ತಿಂಗಳೇ ತಕರಾರು. ಪರಂಪರೆಯಿಂದ ಕುರಿ ಮೇಯಿಸುವವರ ಹಕ್ಕಿಗೆ ಚ್ಯುತಿ ಬರಬಾರದು. ಹೊಲದ ಬದುಗಳಲ್ಲಿ ಅಗಸೆ, ನುಗ್ಗೆ, ಗೊಬ್ಬರದ ಗಿಡ, ಸುಬಾಬುಲ್ ನೆಟ್ಟು ಒಂದು ವರ್ಷ ಬೆಳೆಸಿ ಆಮೇಲೆ ಆಡು ತನ್ನಿ. ಇದು ಬಹುಮಂದಿಗೆ ರುಚಿಸದ ಸಲಹೆ, ನನಗೆ ಗೊತ್ತಿದೆ.

ಕೊನೆಯದಾಗಿ ಸರ್ಕಾರದ ನೆರವು. ಆಡು ಸಾಕಣೆಗೆ ನೇರವಾದ ಬಾಗಿಲು ತಾಲ್ಲೂಕಿನ ಪಶುಸಂಗೋಪನಾ ಇಲಾಖೆಯ ಕಚೇರಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ 2014-15ರಲ್ಲಿ ಆರಂಭವಾಗಿ 2021-22ರಲ್ಲಿ ಪರಿಷ್ಕೃತಗೊಂಡಿತು. ಪರಿಷ್ಕೃತ ಮಾರ್ಗಸೂಚಿಯಂತೆ 100 ಹೆಣ್ಣು ಮತ್ತು 5 ಗಂಡಿನ ಘಟಕದಿಂದ 500 ಹೆಣ್ಣು ಮತ್ತು 25 ಗಂಡಿನ ಘಟಕದವರೆಗೆ, ಬಂಡವಾಳ ವೆಚ್ಚದ ಶೇಕಡಾ 50ರಷ್ಟು ಸಹಾಯಧನಕ್ಕೆ ಅವಕಾಶ ಮಾಡಲಾಯಿತು. ಗರಿಷ್ಠ ಮಿತಿ ಘಟಕದ ಗಾತ್ರಕ್ಕೆ ಅನುಗುಣವಾಗಿ 10 ಲಕ್ಷದಿಂದ 50 ಲಕ್ಷ ರೂಪಾಯಿ. ವ್ಯಕ್ತಿಗಳು, ಸ್ವಸಹಾಯ ಸಂಘಗಳು, ಜಂಟಿ ಹೊಣೆಗಾರಿಕೆ ಗುಂಪುಗಳು, ರೈತ ಉತ್ಪಾದಕ ಸಂಸ್ಥೆಗಳು ಅರ್ಜಿ ಸಲ್ಲಿಸಬಹುದಾಗಿತ್ತು. ಅರ್ಜಿ ಹಾಕುವ ಮುನ್ನ ಆಯಾ ವರ್ಷದ ನಿಯಮವನ್ನು ಕಚೇರಿಯಲ್ಲಿ ಕೇಳಿ ತಿಳಿಯುವುದು ಅವಶ್ಯ. ‘ಸಹಾಯಧನ’ ಎಂಬ ಪದವನ್ನು ನನ್ನಂಥ ಅನುವಾದಕರೇ ರೂಢಿಗೆ ತಂದೆವು; ಅದನ್ನು ಕೇಳಿದವರಿಗೆ ಮೊದಲೇ ಕೈಗೆ ಬರುವ ಹಣವೆಂಬ ಭಾವನೆ ಬರುತ್ತದೆ. ಹಾಗಲ್ಲ. ನಿಮ್ಮ ಪಾಲಿನ ಹಣ ಹಾಕಿ, ಬ್ಯಾಂಕಿನ ಸಾಲ ಪಡೆದು, ಕೆಲಸ ನಡೆದದ್ದು ಪರಿಶೀಲನೆಯಾದ ಮೇಲೆ ಅದು ಕಂತುಗಳಲ್ಲಿ ಬರುತ್ತದೆ. ಸಹಾಯಧನ ಕೊಡಿಸುತ್ತೇನೆಂದು ಮುಂಗಡ ಕೇಳುವವರನ್ನು ನಂಬಬೇಡಿ.

ನೂರು ಆಡಿನ ಘಟಕ ನಿಮ್ಮಂಥ ಗುಂಪಿಗೆ ಮೊದಲ ಹೆಜ್ಜೆಯಲ್ಲ. ಸ್ವಂತ ಉಳಿತಾಯದಲ್ಲಿ ತಲಾ ಐದರಿಂದ ಆರಂಭಿಸಿ, ಎರಡು ವರ್ಷ ಹುಟ್ಟು, ಸಾವು, ಮಾರಾಟಗಳ ಪುಸ್ತಕ ಇಟ್ಟರೆ, ಆ ಪುಸ್ತಕವೇ ಬ್ಯಾಂಕಿನಲ್ಲಿ ನಿಮ್ಮ ಪರವಾಗಿ ಮಾತನಾಡುತ್ತದೆ. ವಿಮೆಯನ್ನಂತೂ ಮೊದಲ ದಿನದಿಂದಲೇ ಮಾಡಿಸಿ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಬದಲಾವಣೆಯಂತೆ ಜಾನುವಾರು ವಿಮೆಯ ಕಂತಿನಲ್ಲಿ ಫಲಾನುಭವಿಯ ಪಾಲನ್ನು ಶೇಕಡಾ 15ಕ್ಕೆ ಇಳಿಸಲಾಯಿತು. ಆಡಿನ ಕಿವಿಯ ಬಿಲ್ಲೆ ಕಳೆದುಹೋದರೆ ಕೂಡಲೇ ತಿಳಿಸಿ ಬೇರೆ ಹಾಕಿಸಿ. ಬಿಲ್ಲೆಯಿಲ್ಲದ ಆಡು ಸತ್ತರೆ ಪರಿಹಾರ ಸಿಗುವುದು ಕಷ್ಟ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ದೂರವಾಣಿ ಮಾಡಬಹುದು. ಆ ಸಂಖ್ಯೆಯನ್ನು ಹಟ್ಟಿಯ ಬಾಗಿಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಿ.

ಹಣ ಕೂಡಿಸಿರುವ ಹತ್ತು ಮಂದಿ ಮುಂದಿನ ಸಲ ಊರಿಗೆ ಹೋದಾಗ ಆಡಿನ ಸಂತೆಗೆ ಹೋಗುವ ಮುನ್ನ ಒಂದು ಕರಾರುಪತ್ರ ಬರೆದುಕೊಳ್ಳಿ. ಯಾರ ಆಡು ಯಾವ ಬಿಲ್ಲೆಯದು, ಕಾಯುವವರ ಕೂಲಿ ಎಷ್ಟು, ಹೋತದ ಖರ್ಚಿಗೆ ತಿಂಗಳಿಗೆ ತಲಾ ಎಷ್ಟು, ನಡುವೆ ಒಬ್ಬರು ಬಿಟ್ಟುಹೋಗುವುದಾದರೆ ಅವರ ಆಡುಗಳನ್ನು ಯಾವ ಬೆಲೆಗೆ ಉಳಿದವರು ಕೊಳ್ಳಬೇಕು, ಇವಿಷ್ಟು ಅದರಲ್ಲಿರಲಿ. ಎಲ್ಲರೂ ಓದಬಲ್ಲ ಕನ್ನಡದಲ್ಲಿಯೇ ಬರೆಯಿರಿ. ಮಾದರಿ ಬೇಕೆಂದರೆ ಸಭೆ ಮುಗಿದ ಮೇಲೆ ನನ್ನ ಬಳಿ ಬನ್ನಿ, ಕುಳಿತು ಬರೆಯೋಣ.